ಫೋಟೋ ತೆಗೆಯಲೂ ಓದಬೇಕೇ?

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಗನೋ ಮಗಳೋ ‘ನಾನು ಛಾಯಾಗ್ರಹಣ ಕಲಿಯುತ್ತೇನೆ’ ಎಂದರೆ ಹಲವು ಮನೆಗಳಲ್ಲಿ ಮೊದಲು ಮೌನ. ಆಮೇಲೆ ಬರುವ ಮಾತು ಒಂದೇ: ‘ಫೋಟೋ ತೆಗೆಯಲೂ ಓದಬೇಕೇ? ಮೊಬೈಲಿನಲ್ಲಿ ಅಜ್ಜಿಯೂ ತೆಗೆಯುತ್ತಾರಲ್ಲ!’ ತಂದೆತಾಯಿಯ ಈ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದುಡ್ಡು ಅವರದು, ಮಕ್ಕಳ ಮುಂದಿನ ಬದುಕಿನ ಚಿಂತೆಯೂ ಅವರದೇ. ಉತ್ತರ ಬೇಕಾದರೆ ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಯ ಒಂದು ದಿನವನ್ನು ನೋಡಬೇಕು.

ಯಲಹಂಕ, ಹೆಬ್ಬಾಳದ ಕಡೆಯ ವಿದ್ಯಾರ್ಥಿಗೆ ಗಡಿಯಾರಕ್ಕಿಂತ ಸೂರ್ಯನೇ ಮುಖ್ಯ. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ. ಮುಖದ ಉಬ್ಬುತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದಾಗ ಕಣ್ಣಿನ ಗುಳಿಗಳಲ್ಲಿ ನೆರಳು ತುಂಬಿ ಮುಖ ಕಳೆಗುಂದುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ವರ್ಷಕ್ಕೆರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಭೂಗೋಳದ ಪುಸ್ತಕದಲ್ಲಿ ಓದಿ ಮರೆತದ್ದು ಇಲ್ಲಿ ದಿನನಿತ್ಯದ ಕೆಲಸಕ್ಕೆ ಬರುತ್ತದೆ.

ಹೆಬ್ಬಾಳ ಕೆರೆಯ ಬೆಳ್ಳಕ್ಕಿ ಇನ್ನೊಂದು ಪಾಠ ಕಲಿಸುತ್ತದೆ. ಕ್ಯಾಮೆರಾದ ಸಾಮಾನ್ಯ ಲೈಟ್ ಮೀಟರ್ ತನ್ನೆದುರಿನ ದೃಶ್ಯವನ್ನೆಲ್ಲ ಸರಾಸರಿ ಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬೆಳ್ಳಕ್ಕಿಯಿದ್ದರೆ ಅದು ಬೂದಾಗಿ ಮೂಡುತ್ತದೆ. ಕರಿ ಎಮ್ಮೆಯಿದ್ದರೆ ಅದೂ ಬೂದೇ! ಯಂತ್ರದ ಲೆಕ್ಕವನ್ನು ಎಲ್ಲಿ ಒಪ್ಪಬೇಕು, ಎಲ್ಲಿ ತಿದ್ದಬೇಕು ಎಂದು ತಿಳಿಯುವುದೇ ಓದು. ಮೊಬೈಲ್ ತನ್ನಷ್ಟಕ್ಕೆ ತೀರ್ಮಾನಿಸುತ್ತದೆ. ವಿದ್ಯಾರ್ಥಿ ಕಾರಣ ತಿಳಿದು ತೀರ್ಮಾನಿಸಬೇಕು.

ಸಂಜೆ ಯಶವಂತಪುರದ ಅಂಗಡಿಬೀದಿಯಲ್ಲಿ ಬಲ್ಬಿನ ಬೆಳಕು. ಬಲ್ಬಿನಿಂದ ಒಂದು ಮೀಟರ್ ದೂರದಲ್ಲಿದ್ದ ವ್ಯಾಪಾರಿ ಎರಡು ಮೀಟರಿಗೆ ಸರಿದರೆ ಅವರ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದ ಷಟರನ್ನು ಆಗ 15ನೇ ಒಂದು ಭಾಗದಷ್ಟು ಹೊತ್ತು ತೆರೆಯಬೇಕು. ಕೈ ನಡುಗಿದರೆ ಚಿತ್ರ ಮಸುಕು. ಇನ್ನು ‘ನಿಮ್ಮ ಫೋಟೋ ತೆಗೆಯಬಹುದೇ?’ ಎಂದು ಕೇಳುವ ವಿನಯವೂ, ‘ಬೇಡಪ್ಪ’ ಎಂದರೆ ಕ್ಯಾಮೆರಾ ಇಳಿಸುವ ಸೌಜನ್ಯವೂ ಈ ವಿದ್ಯೆಯ ಭಾಗವೇ.

ಈ ಓದು ನಮ್ಮ ಊರಿಗೆ ಹೊಸದೇನಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಆ ಪರಂಪರೆ ಈಗ ಯಲಹಂಕಕ್ಕೆ ಸಮೀಪದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1946ರಲ್ಲಿ ಆ ಡಿಪ್ಲೊಮಾ ಮುಗಿಸಿದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಯುವ ಬೆಳಕಿನ ಕೋಲು ಅವರದೇ ಸೃಷ್ಟಿ. ಹೊರಗೆ ಒಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿ, ಒಳಗಿನ ಇನ್ನೊಂದು ಕನ್ನಡಿಯಿಂದ ಅದನ್ನು ಕೆಳಕ್ಕೆ ಹಾಯಿಸಿದರು. ಸ್ಟುಡಿಯೋ ದೀಪದ ಬೆಳಕು ಹರಡುತ್ತದೆ. ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂಬ ಹೈಸ್ಕೂಲಿನ ನಿಯಮವೇ ಅಲ್ಲಿ ಕಲೆಯಾಯಿತು.

ಹಾಗೆಂದು ಡಿಪ್ಲೊಮಾ ಕೈಗೆ ಬಂದೊಡನೆ ಮೂರ್ತಿಯವರಿಗೆ ಹೆಸರು ಬರಲಿಲ್ಲ. ವರ್ಷಗಟ್ಟಲೆ ಅವರು ಬೇರೆಯವರ ಕೈಕೆಳಗೆ ಸಹಾಯಕರಾಗಿ ದುಡಿದರು. ಗುರುದತ್ತರ ‘ಜಾಲ್’ ಚಿತ್ರದ ಪೂರ್ಣ ಹೊಣೆ ಅವರಿಗೆ ಸಿಕ್ಕಿ, ಅದು ತೆರೆಕಂಡದ್ದು 1952ರಲ್ಲಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ ಅವರೇ. ಎಲ್ಲರೂ ಮೂರ್ತಿಯವರಾಗುವುದಿಲ್ಲ. ಮದುವೆಮನೆ, ಪತ್ರಿಕೆ, ಜಾಹೀರಾತು, ವಸ್ತುಸಂಗ್ರಹಾಲಯ ಎಂದು ಕೆಲಸದ ದಾರಿಗಳು ಹಲವು. ಆದರೆ ಮೊದಲ ಕೆಲವು ವರ್ಷ ಗಳಿಕೆ ಕಡಿಮೆ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು.

ಆದ್ದರಿಂದ ದುಬಾರಿ ಕ್ಯಾಮೆರಾ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿರುವ ಮೊಬೈಲೇ ಸಾಕು. ಹಳೆಯ ಫಿಲ್ಮ್ ರೋಲಿನಂತೆ ವಾರಕ್ಕೆ 36 ಚಿತ್ರ ಮಾತ್ರ, ಒಂದನ್ನೂ ಅಳಿಸುವಂತಿಲ್ಲ. ಪ್ರತಿ ಚಿತ್ರಕ್ಕೂ ಸಮಯ, ಬೆಳಕು ಬಂದ ದಿಕ್ಕು, ಕೆಟ್ಟಿದ್ದರೆ ಅದರ ಕಾರಣ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೂರನೇ ದಿನಕ್ಕೆ ಬೇಸರ ಬಂದರೆ ಅದು ಹವ್ಯಾಸವಾಗಿಯೇ ಉಳಿಯಲಿ, ನಷ್ಟವಿಲ್ಲ. ಏಳನೇ ದಿನವೂ ಕಿಟಕಿಯ ಬಳಿ ಬೆಳಕಿಗಾಗಿ ಕಾಯುತ್ತಿದ್ದರೆ, ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ಆ ನೋಟ್‌ಬುಕ್ ಓದಲಿ. ಫೀಸಿನ ಮಾತು ಆಮೇಲೆ ಆಡಬಹುದು.