ಅಂಚಿಗೆ ಬಳಿದ ಶಾಯಿ

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದರೆ ಇಂಗ್ಲಿಷ್ ರಿಪೋರ್ಟು ಓದುವ ಕೆಲಸ ಎಷ್ಟೋ ವೇಳೆ ಕಾಲೇಜಿಗೆ ಹೋಗುವ ಮಕ್ಕಳ ಪಾಲಿಗೆ ಬರುತ್ತದೆ. ಸ್ತನದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡ ತಾಯಿಯ ರಿಪೋರ್ಟಿನಲ್ಲಿ ‘ಮಾರ್ಜಿನ್ ಪಾಸಿಟಿವ್’ ಎಂದಿದ್ದರೆ ಅದು ಸಿಹಿ ಸುದ್ದಿಯೆ? ಅಲ್ಲ. ಇಲ್ಲಿ ‘ನೆಗೆಟಿವ್’ ಎಂದಿದ್ದರೇ ನೆಮ್ಮದಿ.

ಬದನೆಕಾಯಿಯ ಹುಳುಕು ತೆಗೆಯುವಾಗ ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿಯೇ ಕತ್ತರಿಸುತ್ತೇವಲ್ಲ, ಶಸ್ತ್ರವೈದ್ಯರು ಮಾಡುವುದೂ ಅದನ್ನೇ. ಆ ಒಳ್ಳೆಯ ಅಂಚೇ ಮಾರ್ಜಿನ್. ಆದರೆ ಹುಳುಕು ಕಣ್ಣಿಗೆ ಕಾಣುತ್ತದೆ. ಕ್ಯಾನ್ಸರ್ ಕೋಶಗಳು ಎಲ್ಲಿಗೆ ಮುಗಿದವೆಂಬುದು ಬರಿಗಣ್ಣಿಗೆ ಕಾಣದು.

ಹಿಂದೆ ಇಡೀ ಸ್ತನವನ್ನೂ ಅದರಡಿಯ ಸ್ನಾಯುಗಳನ್ನೂ ತೆಗೆದುಹಾಕುತ್ತಿದ್ದರು. ಇಟಲಿಯ ಉಂಬರ್ತೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್ ಈ ರೂಢಿಯನ್ನು ಪ್ರಶ್ನಿಸಿದರು. ಆರಂಭದ ಹಂತದ ರೋಗಿಗಳನ್ನು 20 ವರ್ಷ ಗಮನಿಸಿದ ಇವರ ಫಲಿತಾಂಶಗಳು 2002ರಲ್ಲಿ ಪ್ರಕಟವಾದವು: ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಬದುಕುಳಿಯುವ ಅವಕಾಶ ಕಡಿಮೆಯಾಗುವುದಿಲ್ಲ. ಸ್ತನ ಉಳಿಯಿತು, ಅಂಚಿನ ಪರೀಕ್ಷೆಗೆ ಮಹತ್ವ ಬಂತು.

ಪರೀಕ್ಷೆ ಹೇಗೆ? ತೆಗೆದ ತುಂಡಿನ ಮೇಲೆಲ್ಲ ಶಾಯಿ ಬಳಿಯುತ್ತಾರೆ. ಯಾವ ಬದಿ ಯಾವುದೆಂದು ತಿಳಿಯಲು ಬೇರೆ ಬೇರೆ ಬಣ್ಣಗಳನ್ನೂ ಬಳಸುವುದುಂಟು. ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದಾಗ ಶಾಯಿ ಇರುವ ಗೆರೆಯೇ ಹೊರ ಅಂಚು. ಕ್ಯಾನ್ಸರ್ ಕೋಶ ಶಾಯಿಯನ್ನು ಮುಟ್ಟಿದ್ದರೆ ‘ಪಾಸಿಟಿವ್’. ನಾಳಗಳನ್ನು ದಾಟಿ ಹರಡಿದ ಕ್ಯಾನ್ಸರಿಗೆ, ಶಾಯಿ ಮುಟ್ಟದಿದ್ದರೆ ಸಾಕು ಎಂದು ಅಮೆರಿಕದ ತಜ್ಞ ಸಂಘಗಳು 2014ರಲ್ಲಿ ಹೇಳಿದವು. ನಾಳದೊಳಗೇ ಇರುವ ಬಗೆಗೆ 2 ಮಿಲಿಮೀಟರ್ ಅಂತರ ಬೇಕೆಂದು 2016ರಲ್ಲಿ ಸೂಚಿಸಿದವು.

ಇದಕ್ಕೆಲ್ಲ ಕೆಲವು ದಿನ ಬೇಕು. ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಮವೂ ಇದೆ. ಆದರೆ ಸ್ತನದ ಕೊಬ್ಬು ಸರಿಯಾಗಿ ಗಟ್ಟಿಯಾಗದೆ ಸೀಳುವಾಗ ಹರಿಯುತ್ತದೆ. ಇನ್ನೊಂದು ಉಪಾಯ, ಗಡ್ಡೆ ತೆಗೆದ ಗುಳಿಯ ಸುತ್ತ ಮತ್ತೊಂದು ತೆಳು ಪದರ ಹೆರೆಯುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 235 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು: ಹೆರೆಯದವರಲ್ಲಿ ಶೇ. 34ರಷ್ಟಿದ್ದ ‘ಪಾಸಿಟಿವ್’ ಹೆರೆದವರಲ್ಲಿ ಶೇ. 19 ಇತ್ತು.

ಆದ್ದರಿಂದ ವೈದ್ಯರು ಇನ್ನೊಮ್ಮೆ ಆಪರೇಷನ್ ಎಂದರೆ, ರೋಗ ಮರಳಿ ಬಂತೆಂದೋ ಮೊದಲ ಬಾರಿ ಅಲಕ್ಷ್ಯವಾಯಿತೆಂದೋ ಕೂಡಲೇ ತೀರ್ಮಾನಿಸಬೇಡಿ. ಯಾವ ಬದಿಯ ಅಂಚು, ಎಷ್ಟು ಅಂತರ ಎಂದು ಕೇಳಿ ತಿಳಿದುಕೊಳ್ಳಿ. ಗಾಬರಿಯಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದೇ ನಿಜವಾದ ಅಪಾಯ.