ಬದಲಿ ಮೇಷ್ಟ್ರ ಸಹಿ

ಗಣಿತದ ಮೇಷ್ಟ್ರು ರಜೆ ಹಾಕಿದರೆ ಅವರ ಪೀರಿಯಡ್ಡಿಗೆ ನಾನು ಹೋಗುತ್ತೇನೆ. ಪಾಠ ಅವರದು, ಸಹಿ ಮಾತ್ರ ನನ್ನದು.

ಲಿನಕ್ಸ್ ಗಣಕದಲ್ಲಿ ವಿಂಡೋಸ್ ತಂತ್ರಾಂಶಗಳನ್ನು ನಡೆಸುವ, 1993ರಲ್ಲಿ ಶುರುವಾದ 'ವೈನ್' ಕೂಡ ಬದಲಿ ಮೇಷ್ಟ್ರೇ. ಆದರೆ ತಂತ್ರಾಂಶವು 'ಯಾರು ನೀನು?' ಎಂದರೆ ಅದು 'ವಿಂಡೋಸ್' ಎನ್ನುತ್ತದೆ. ಇದು ಪರರ ಸಹಿಯಲ್ಲವೇ?

ನಿಜ ಗೊತ್ತಾದರೆ ಏನಾಗುತ್ತದೆಂಬುದನ್ನೂ ನೋಡಿ. 1991ರಲ್ಲಿ ವಿಂಡೋಸ್ 3.1ರ ಪರೀಕ್ಷಾ ಆವೃತ್ತಿಯು, ಕೆಳಗಿರುವುದು ಮೈಕ್ರೋಸಾಫ್ಟಿನ ಡಾಸ್ ಅಲ್ಲವೆಂದು ಕಂಡುಹಿಡಿದು ಸುಮ್ಮಸುಮ್ಮನೆ ದೋಷದ ಸೂಚನೆ ತೋರಿಸುತ್ತಿತ್ತು!

ವೈನ್ ಗುಟ್ಟನ್ನು ಪೂರ್ತಿ ಮುಚ್ಚಿಟ್ಟಿಲ್ಲ. ನೇರವಾಗಿ ಕೇಳಿದವರಿಗೆ ತನ್ನ ಆವೃತ್ತಿ ತಿಳಿಸುವ ಏರ್ಪಾಡೂ ಅದರಲ್ಲುಂಟು. ಅದು ಸರಿಯೇ. ಆದರೆ ತಂತ್ರಾಂಶ ಮೊದಲು ಕೇಳಬೇಕಾದದ್ದು ಹೆಸರಲ್ಲ, ಕೆಲಸ. ಮಕ್ಕಳು ನನ್ನನ್ನು ಕೇಳುವುದೂ ಅದನ್ನೇ: 'ಸಾರ್, ಈ ಲೆಕ್ಕ ನಿಮಗೆ ಬರುತ್ತಾ?'