ತಂದೆಯೆನಿಸಿಕೊಳ್ಳುವ ಹಕ್ಕು

ವಿವಾಹವಿಲ್ಲದೆ ಜನಿಸಿದ ಶಿಶುವಿನ ಮೇಲೆ ತಂದೆಗೆ ಅಧಿಕಾರವೆಷ್ಟೆಂಬುದನ್ನು ಈ ತಿಂಗಳು ವಿಚಾರಿಸೋಣ.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನಿಗೆ ತನ್ನ ಗೋತ್ರವೇ ತಿಳಿದಿರಲಿಲ್ಲ. ಅವನ ಸತ್ಯವನ್ನು ಮೆಚ್ಚಿ ಗೌತಮರು ಶಿಷ್ಯನನ್ನಾಗಿ ಸ್ವೀಕರಿಸಿದರು. ನ್ಯಾಯಸ್ಥಾನಕ್ಕಾದರೋ ಸತ್ಯದೊಡನೆ ಪ್ರಮಾಣವೂ ಬೇಕು.

ಹಿಂದೂಗಳಿಗೆ ಅನ್ವಯಿಸುವ 1956ರ ಪಾಲಕತ್ವದ ಶಾಸನದಂತೆ ಇಂಥ ಶಿಶುವಿಗೆ ತಾಯಿಯೇ ಸಹಜಪಾಲಕಳು; ಆಕೆಯ ತರುವಾಯವೇ ತಂದೆ. ಅವಿವಾಹಿತ ತಾಯಿಯು ಪಾಲಕತ್ವವನ್ನು ಬೇಡುವಾಗ ತಂದೆಯ ಹೆಸರನ್ನು ಹೊರಗೆಡಹಬೇಕಾದುದಿಲ್ಲವೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಪೋಷಣೆಯ ಭಾರವಾದರೋ ತಂದೆಯನ್ನು ಬಿಡದು. ವಿವಾಹದಿಂದ ಜನಿಸದ ಮಗುವಿಗೂ ಜೀವನಾಂಶ ಸಲ್ಲಬೇಕೆಂದು 1973ರ ದಂಡಪ್ರಕ್ರಿಯಾ ಸಂಹಿತೆ ವಿಧಿಸಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವೂ ಅದನ್ನೇ ವಿಧಿಸುತ್ತದೆ.

ಹಾಗಾದರೆ ಮಗುವನ್ನು ಮನಸಾರೆ ತನ್ನದೆನ್ನುವವನ ಗತಿಯೇನು? ಅವನು ಪಿತೃತ್ವದ ಘೋಷಣೆಗಾಗಿ ದಾವೆ ಹೂಡಬಹುದು. ಡಿ.ಎನ್.ಎ. ಪರೀಕ್ಷೆಯು ಪ್ರಬಲ ಸಾಕ್ಷ್ಯವೇ ಸರಿ. ಆದರೆ ನ್ಯಾಯಾಧೀಶರು ಅದನ್ನು ಕೇಳಿದೊಡನೆ ಆಜ್ಞಾಪಿಸುವುದಿಲ್ಲ. 1890ರ ಶಾಸನದಂತೆ ಪಾಲಕತ್ವಕ್ಕೂ ಅರ್ಜಿ ಸಲ್ಲಿಸಬಹುದು. ಅಲ್ಲಿ ತೂಗುವುದು ತಂದೆಯ ಹಕ್ಕಲ್ಲ, ಮಗುವಿನ ಹಿತ. ಆ ತಕ್ಕಡಿಯಲ್ಲಿ ಅವನು ಇದುವರೆಗೆ ಇತ್ತ ಅನ್ನ, ವಸ್ತ್ರ, ವಿದ್ಯೆಗಳೇ ಅವನ ಪರವಾಗಿ ನುಡಿಯಬಲ್ಲವು.

ಆದುದರಿಂದ ಅಂಥವರಿಗೆ ನಮ್ಮ ಮಾತಿಷ್ಟೆ: ಮೊದಲು ಭಾರವನ್ನು ಹೊರಿರಿ, ಅನಂತರ ಅಧಿಕಾರವನ್ನು ಕೇಳಿರಿ. ಬಿತ್ತಿದ ಮಾತ್ರಕ್ಕೆ ಬೆಳೆ ಬಾರದು, ನೀರೆರೆದವನೇ ಕೃಷಿಕನು.